ಹೆಡರ್‌ಗೆ ರ‍್ಯಾಪ್ ಸುತ್ತಬೇಕಾ, ತಗಡು ಹಾಕಬೇಕಾ?

ಹೆಡರ್ ಅಂದರೆ ಎಂಜಿನ್ನಿನ ಹೊಗೆಯನ್ನು ಹೊರಕ್ಕೆ ಒಯ್ಯುವ ಮೊದಲ ಪೈಪುಗಳು. ನನ್ನ 2005ರ ಮಾರುತಿ ಎಸ್ಟೀಮ್‌ನಲ್ಲಿ ಈಗ ಇರುವುದು ಸ್ಟೇನ್‌ಲೆಸ್ ತಗಡಿನ ಶೀಲ್ಡ್, ಅಂದರೆ ಬಿಸಿಗೆ ಮರೆ. ಅದಕ್ಕೂ ಮುಂಚೆ ಬಿಸಿ ತಡೆಯುವ ಪಟ್ಟಿಯಾದ ಹೀಟ್ ರ‍್ಯಾಪ್ ಸುತ್ತಿ ಎರಡು ಮಳೆಗಾಲ ಓಡಿಸಿದೆ, ಒಂದು ಹೆಡರ್ ಕಳೆದುಕೊಂಡೆ. ಪುತ್ತೂರಿನಂಥ ಊರಲ್ಲಿ ದಿನಾ ಓಡಿಸುವ ಕಾರಿಗೆ ಏನು ಮಾಡಿಸಲಿ ಅಂತ ಯಾರು ಕೇಳಿದರೂ ನಾನು ತಗಡನ್ನೇ ಹೇಳುತ್ತೇನೆ.

ಹೊಗೆ ಹೊರಬರುವ ಕಡೆ ಕಂಪನಿಯವರೇ ಕೊಟ್ಟಿದ್ದ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಟ್ಟಾಗ ಅದರ ಜಾಗಕ್ಕೆ ಕಬ್ಬಿಣದ ಪೈಪಿನ 4-2-1 (ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗುವ) ಹೆಡರ್ ಹಾಕಿಸಿದ್ದೆ. ಬೀಡಿನದಕ್ಕೆ ಮೇಲೊಂದು ಶೀಲ್ಡ್ ಇತ್ತು. ಹೊಸ ಹೆಡರ್‌ನಲ್ಲಿ ಅದನ್ನು ಕೂರಿಸಲು ಬೋಲ್ಟಿನ ಜಾಗವೇ ಇರಲಿಲ್ಲ. ಪೈಪು ತೆಳು, ಬಿಸಿ ಜಾಸ್ತಿ ಹೊರಗೆ ಬಿಡುತ್ತದೆ. ಎಸ್ಟೀಮ್‌ನಲ್ಲಿ ಎಕ್ಸಾಸ್ಟ್ ಇರುವುದು ಎಂಜಿನ್ನಿನ ಮುಂದೆ, ರೇಡಿಯೇಟರ್ ಬೆನ್ನಿಗೆ. ಮೂರೇ ತಿಂಗಳಲ್ಲಿ ಫ್ಯಾನ್ ವೈರಿನ ಮೇಲಿನ ಪ್ಲಾಸ್ಟಿಕ್ ಕೊಳವೆ ಒಣ ಅಡಿಕೆ ಹಾಳೆಯಂತೆ ಸೆಟೆದು, ಮುಟ್ಟಿದರೆ ಮುರಿಯುವ ಹಾಗಾಗಿತ್ತು. ಹಾಗಾಗಿ ಬಿಸಿ ತಡೆಯಲೇಬೇಕಿತ್ತು.

ರ‍್ಯಾಪ್ ಅಗ್ಗ ಅಂತ ಅದನ್ನೇ ಮೊದಲು ತಂದೆ. ಗ್ಲಾಸ್ ಫೈಬರಿನ ಪಟ್ಟಿ, 2 ಇಂಚು ಅಗಲ, 15 ಮೀಟರ್ ರೋಲ್, 1,500 ರೂಪಾಯಿ. ರಾತ್ರಿ ಬಕೆಟ್ ನೀರಲ್ಲಿ ನೆನೆಸಿಟ್ಟು ಬೆಳಗ್ಗೆ ಸುತ್ತಿದೆ. ಒದ್ದೆ ಇದ್ದರೆ ಬಿಗಿಯಾಗಿ ಕೂರುತ್ತದೆ, ನೂಲಿನ ಪುಡಿಯೂ ಕಡಿಮೆ ಹಾರುತ್ತದೆ. ಆದರೂ ಉದ್ದ ತೋಳಿನ ಶರ್ಟು, ಗ್ಲೌಸ್ ಹಾಕಿಯೇ ಕೆಲಸ ಮಾಡಿ. ನನಗೆ ಮಣಿಕಟ್ಟಿನ ಹತ್ತಿರ ಎರಡು ದಿನ ತುರಿಕೆ ಇತ್ತು. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎದ್ದ ಹೊಗೆ ನೋಡಿ ಪಕ್ಕದ ಮನೆಯ ಅಕ್ಕ ಓಡಿ ಬಂದರು. ಆ ಹೊಗೆ ಒಂದು ದಿನಕ್ಕೆ ನಿಲ್ಲುತ್ತದೆ, ಹೆದರಬೇಕಾಗಿಲ್ಲ.

ಬಿಸಿ ತಡೆಯುವುದರಲ್ಲಿ ರ‍್ಯಾಪ್‌ಗೆ ಮೋಸ ಇಲ್ಲ. ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ನಿಲ್ಲಿಸಿ ಟೆಂಪರೇಚರ್ ಗನ್ ಹಿಡಿದು ನೋಡುತ್ತಿದ್ದೆ. ಬರೀ ಪೈಪು 300 ಡಿಗ್ರಿ ದಾಟುತ್ತಿತ್ತು, ಸುತ್ತಿದ ಮೇಲೆ ಹೊರಮೈ 160ರ ಆಸುಪಾಸು. ಪೈಪಿನೊಳಗೆ ಬಿಸಿ ಉಳಿದರೆ ಹೊಗೆ ಬೇಗ ಹೊರಗೆ ಹೋಗಿ ಪವರ್ ಸಿಗುತ್ತದೆ ಅನ್ನುತ್ತಾರಲ್ವಾ, ಅದು ನನ್ನ 1.3 ಲೀಟರ್ ಎಂಜಿನ್ನಿನಲ್ಲಿ ಕಾಲಿಗೆ ಗೊತ್ತಾಗಲೇ ಇಲ್ಲ.

ತೊಂದರೆ ಬಂದದ್ದು ಮಳೆಯಿಂದ. ಜೂನ್ ಶುರುವಾದರೆ ನಮ್ಮ ಮನೆ ಮುಂದಿನ ಮಣ್ಣಿನ ದಾರಿಯಲ್ಲಿ ಕೆಂಪು ನೀರು. ಗ್ರಿಲ್ ದಾಟಿ, ಅಡಿಯಿಂದ ಚಿಮ್ಮಿ, ಅದು ನೇರ ಹೆಡರ್ ಮೇಲೆ ಬೀಳುತ್ತದೆ. ಬರೀ ಪೈಪಿನ ಮೇಲೆ ಬಿದ್ದ ನೀರು ಚುರ್ ಅಂತ ಆರಿಹೋಗುತ್ತದೆ. ರ‍್ಯಾಪ್ ಅದನ್ನು ಹೀರಿಕೊಳ್ಳುತ್ತದೆ. ನನ್ನ ದಿನದ ಓಟ ಮನೆಯಿಂದ ಅಂಗಡಿಗೆ ಮೂರು ಕಿಲೋಮೀಟರ್, ಸಂಜೆ ವಾಪಸ್ ಮೂರು. ಅಷ್ಟರಲ್ಲಿ ಪಟ್ಟಿ ಬೆಚ್ಚಗಾಗುತ್ತದೆ, ಒಣಗುವುದಿಲ್ಲ. ರಾತ್ರಿಯಿಡೀ ಒದ್ದೆ ಬಟ್ಟೆ ಸುತ್ತಿಕೊಂಡೇ ಕಬ್ಬಿಣ ನಿಂತಿರುತ್ತದೆ. ಹೀಗೆ ನಾಲ್ಕು ತಿಂಗಳು.

ಎರಡನೇ ಮಳೆಗಾಲದ ಕೊನೆಗೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಶುರುವಾಯಿತು. ಎಂಜಿನ್ ಬಿಸಿಯಾದರೆ ನಿಲ್ಲುತ್ತಿತ್ತು. ಎಂಜಿನ್ನಿನ ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸದ್ದಿರಬೇಕು ಅಂತ ಸೆಟ್ಟಿಂಗ್ ಮಾಡಿಸಿದೆ, ಹೋಗಲಿಲ್ಲ. ಜೊತೆಗೆ ಪೆಟ್ರೋಲ್ ಜಾಸ್ತಿ ಕುಡಿಯತೊಡಗಿತು. ಸ್ಪಾರ್ಕ್ ಪ್ಲಗ್ಗು ಬದಲಾಯಿಸಿದೆ, ಏರ್ ಫಿಲ್ಟರ್ ಬದಲಾಯಿಸಿದೆ, ಎಲ್ಲ ಸುಮ್ನೆ ಖರ್ಚು. ಕೊನೆಗೆ ಮೆಕ್ಯಾನಿಕ್ ಕಾರನ್ನು ಎತ್ತಿ ಅಡಿಯ ಸ್ಟೀಲ್ ಟೈ ಕತ್ತರಿಸಿದ. ಪಟ್ಟಿಯ ಒಳಮೈಗೆ ತುಕ್ಕಿನ ಚಕ್ಕೆಗಳು ಹಪ್ಪಳದ ಚೂರಿನಂತೆ ಅಂಟಿಕೊಂಡೇ ಬಂದವು. ಎರಡು ಪೈಪು ಸೇರಿ ಒಂದಾಗುವ ಕಡೆ, ನೀರು ಇಳಿದು ನಿಲ್ಲುವ ಜಾಗದಲ್ಲಿ, ಅವನು ಸ್ಕ್ರೂಡ್ರೈವರ್ ಒತ್ತಿದ. ಅದು ಒಳಗೇ ಹೋಯಿತು. "ಇದನ್ನು ಒಣಗಿಸ್ಲಿಕ್ಕೆ ನಿಮ್ಮ ಓಟ ಸಾಕಾಗುದಿಲ್ಲ ಮಾರಾಯ್ರೆ" ಅಂದ.

ಪೆಟ್ರೋಲ್ ಯಾಕೆ ಜಾಸ್ತಿ ಹೋಗುತ್ತಿತ್ತು ಅಂತ ಆಗ ಗೊತ್ತಾಯಿತು. ತೂತು ಇದ್ದದ್ದು ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿದರೆ ಪೆಟ್ರೋಲ್ ಕಡಿಮೆಯಾಗಿದೆ ಅಂತ ಸೆನ್ಸರ್ ತಿಳಿಯುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇನ್ನಷ್ಟು ಸುರಿಯುತ್ತದೆ. ಹೊರಗಿನಿಂದ ನೋಡಿದರೆ ರ‍್ಯಾಪ್ ಚೆನ್ನಾಗಿಯೇ ಇತ್ತು. ನನಗೆ ಹೆಚ್ಚು ಸಂಕಟ ಆದದ್ದು ಅದಕ್ಕೇ. ಕಣ್ಣಿಗೆ ಕಂಡಿದ್ದರೆ ಮೊದಲ ವರ್ಷವೇ ಉಜ್ಜಿ ಬಣ್ಣ ಹೊಡೆಯುತ್ತಿದ್ದೆ.

ಕಂದು ಬಣ್ಣದ ಟೈಟಾನಿಯಂ ರ‍್ಯಾಪ್ ಅಂತ ಮಾರುವುದೂ ಇದೆ. ಹೆಸರು ಹಾಗಿದ್ದರೂ ಅದು ಕಪ್ಪು ಶಿಲೆ ಕರಗಿಸಿ ತೆಗೆದ ನೂಲು. ಹೆಚ್ಚು ಬಿಸಿ ತಾಳುತ್ತದೆ, ತುರಿಕೆ ಕಡಿಮೆ. ನೀರು ಹಿಡಿಯುವುದರಲ್ಲಿ ಅದೂ ಪಟ್ಟಿಯೇ.

ಸೆರಾಮಿಕ್ ಕೋಟಿಂಗ್ ಬೆಂಗಳೂರಿನಲ್ಲಿರುವ ಭಾವನ ಕಾರಿನಲ್ಲಿದೆ. ಹೆಡರ್ ಬಿಚ್ಚಿ ಕಳಿಸಬೇಕು, ಮರಳು ಹೊಡೆದು ಶುಚಿ ಮಾಡಿ, ಬಳಿದು, ಒಲೆಯಲ್ಲಿ ಬೇಯಿಸಿ ಕೊಡುತ್ತಾರೆ. ನೀರು ನಿಲ್ಲುವುದಿಲ್ಲ, ನೋಡಲೂ ಚಂದ. ಹೊಸ ಹೆಡರ್ ತರುವಾಗಲೇ ಮಾಡಿಸಿದರೆ ಒಳ್ಳೆಯದು. ನನಗೆ ಹೇಳಿದ ರೇಟು 9,000. ನನ್ನ ಹೆಡರ್‌ಗೇ ಅಷ್ಟು ಕೊಟ್ಟಿರಲಿಲ್ಲ.

ಎರಡನೇ ಹೆಡರ್ ಹಾಕಿಸಿದಾಗ ವೆಲ್ಡಿಂಗ್ ಅಂಗಡಿಗೆ ಹೋಗಿ ಶೀಲ್ಡ್ ಮಾಡಿಸಿದೆ. ಅವರು ಮೊದಲು ಜಿಐ ತಗಡು ತೆಗೆದರು, ಬೇಡ ಅಂದೆ. ಅದರ ಮೇಲಿನ ಸತು 420 ಡಿಗ್ರಿಯ ಹತ್ತಿರ ಕರಗುತ್ತದೆ, ಹೆಡರ್ ಪಕ್ಕ ಅದನ್ನು ಇಡಬಾರದು. 1 ಮಿಲಿಮೀಟರ್ ಸ್ಟೇನ್‌ಲೆಸ್ ತಗಡನ್ನು ಪೈಪಿನ ಬಾಗಿಗೆ ತಕ್ಕಂತೆ ಬಡಿದು, ಬುಷ್ ಕೊಟ್ಟು ಪೈಪಿನಿಂದ ಅರ್ಧ ಇಂಚು ದೂರ ನಿಲ್ಲಿಸಿದ್ದಾರೆ. ಆ ಅರ್ಧ ಇಂಚೇ ಮುಖ್ಯ. ಪೈಪಿನ ಝಳ ತಗಡಿಗೆ ಬಡಿದು ಹಿಂದೆ ಹೋಗುತ್ತದೆ, ನಡುವೆ ಗಾಳಿ ಆಡುತ್ತದೆ. ಮಜೂರಿ ಸೇರಿ 1,200 ರೂಪಾಯಿ.

ಅದೇ ಘಾಟಿ ಹತ್ತಿ ನೋಡಿದಾಗ ತಗಡಿನ ಹೊರಮೈ 130 ತೋರಿಸಿತು. ಹೊಳೆಯುವ ಸ್ಟೀಲ್ ಮೇಲೆ ಗನ್ ಕಡಿಮೆ ತೋರಿಸುತ್ತದೆ, ಹಾಗಾಗಿ ಬಿಸಿ ತಾಳುವ ಕಪ್ಪು ಬಣ್ಣದ ಚುಕ್ಕೆ ಹಚ್ಚಿ ಅದರ ಮೇಲೆ ಅಳೆದೆ. ತಗಡು ಮರೆ ಮಾಡುವುದು ಮುಂಭಾಗವನ್ನು ಮಾತ್ರ. ಅಡಿಯ ಪೈಪು ಬರಿದಾಗಿಯೇ ಇದೆ, ಅಲ್ಲಿ ಕರಗುವಂಥದ್ದು ಏನೂ ಇಲ್ಲ. ಒಮ್ಮೆ ಒಂದು ಬೋಲ್ಟು ಸಡಿಲಾಗಿ ಜಿರ್ ಅಂತ ಸದ್ದು ಬಂತು, ಸ್ಪ್ರಿಂಗ್ ವಾಷರ್ ಹಾಕಿದೆ, ಮತ್ತೆ ಬಂದಿಲ್ಲ. ಈಗ ಎರಡು ಮಳೆ ದಾಟಿದೆ. ನಾಲ್ಕು ಬೋಲ್ಟು ಬಿಚ್ಚಿದರೆ ಇಡೀ ಹೆಡರ್ ಕಾಣುತ್ತದೆ, ಮೇಲೆ ತೆಳು ಕಂದು ತುಕ್ಕು ಬಿಟ್ಟರೆ ಪೈಪು ಗಟ್ಟಿಯಾಗಿದೆ.

ರ‍್ಯಾಲಿ ಕಾರು ನಿಮ್ಮದಾದರೆ, ಪ್ರತಿ ಸಲ ಓಡಿಸಿದ ಮೇಲೆ ಬಿಚ್ಚಿ ನೋಡುವವರಾದರೆ ರ‍್ಯಾಪ್ ಸುತ್ತಿ. ಟರ್ಬೊ ಇದ್ದರೂ ಪೈಪಿನೊಳಗಿನ ಬಿಸಿಗೆ ಬೆಲೆ ಇದೆ. ಈಗಾಗಲೇ ಸುತ್ತಿಸಿರುವ ದಿನದ ಕಾರಾದರೆ, ಮಳೆ ಹಿಡಿಯುವ ಮುಂಚೆ ಕೆಳಗಿನ ಜಾಯಿಂಟಿನ ಒಂದು ಟೈ ಕತ್ತರಿಸಿ, ಒಂದು ಗೇಣು ಬಿಚ್ಚಿ ನೋಡಿ. ಆಯಿಲ್ ಸೋರಿ ಪಟ್ಟಿಗೆ ಹಿಡಿದಿದ್ದರೆ ಅವತ್ತೇ ಪೂರ್ತಿ ತೆಗೆದುಹಾಕಿ, ಅದಕ್ಕೆ ಬೆಂಕಿ ಹತ್ತಬಹುದು.