ಲೋಡ್ ಸೆಲ್‌ಗೆ, 48 ವೋಲ್ಟ್ ಶಂಟ್‌ಗೆ ಒಂದೇ ಆಂಪ್ಲಿಫೈಯರ್ ಸಾಕಾ?

ಲೋಡ್ ಸೆಲ್ (ತೂಕ ಅಳೆಯುವ ಸೆನ್ಸರ್), 48 ವೋಲ್ಟ್ ಲೈನ್‌ನ ಶಂಟ್ (ಕರೆಂಟ್ ಅಳೆಯುವ ಚಿಕ್ಕ ರೆಸಿಸ್ಟರ್) ಎರಡಕ್ಕೂ ಎಡಿ620, ಎಡಿ629, ಐಎನ್‌ಎ240 ಈ ಮೂರು ಆಂಪ್ಲಿಫೈಯರ್ ಚಿಪ್‌ಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಮೊದಲು ನೋಡಬೇಕಾದ್ದು ಕಾಮನ್ ಮೋಡ್ ವೋಲ್ಟೇಜ್. ಅಂದರೆ ಎರಡೂ ಇನ್‌ಪುಟ್‌ಗಳು ಗ್ರೌಂಡ್‌ನಿಂದ ಒಟ್ಟಿಗೆ ಎಷ್ಟು ಮೇಲಿವೆ ಅನ್ನೋದು.

ಎಡಿ620ಯಲ್ಲಿ ಇನ್‌ಪುಟ್ ಸಪ್ಲೈನ ಎರಡೂ ತುದಿಗಳಿಂದ ಒಂದೆರಡು ವೋಲ್ಟ್ ಒಳಗೇ ಇರಬೇಕು. ಅಷ್ಟೇ ಅಲ್ಲ. ಮೊದಲ ಹಂತದ ಎರಡು ಔಟ್‌ಪುಟ್‌ಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಹೋಗುತ್ತವೆ, ಗೇನ್‌ನಿಂದ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನೋದು) ಗುಣಿಸಿದ ಸಿಗ್ನಲ್‌ನ ಅರ್ಧದಷ್ಟು. ಟ್ರಾನ್ಸಿಸ್ಟರ್ ಡ್ರಾಪ್ ಬಿಟ್ಟು ಲೆಕ್ಕ ಹಾಕಿ: ಸಪ್ಲೈ 5 ವೋಲ್ಟ್, ಕಾಮನ್ ಮೋಡ್ 2.5, ಸಿಗ್ನಲ್ 10 ಮಿಲಿವೋಲ್ಟ್, ಗೇನ್ 200. ಒಳಗೆ 3.5 ಮತ್ತು 1.5. ನಡೆಯುತ್ತದೆ. ಗೇನ್ 500 ಮಾಡಿದರೆ 5 ಮತ್ತು 0, ಎರಡೂ ಗೋಡೆಗೆ ಬಡಿಯುತ್ತವೆ. ಆಗ ಔಟ್‌ಪುಟ್ ಸತ್ತಂತೆ ಕಾಣಲ್ಲ, ನಂಬುವಂಥ ತಪ್ಪು ಸಂಖ್ಯೆ ಕೊಡುತ್ತದೆ. ಕಾಟ ಇದೇ. ಕಾಮನ್ ಮೋಡ್ ಮತ್ತು ಔಟ್‌ಪುಟ್‌ನ ಮಿತಿ ತೋರಿಸುವ ವಜ್ರಾಕಾರದ ಗ್ರಾಫ್ (ಡೈಮಂಡ್ ಪ್ಲಾಟ್) ನೋಡದೆ ಗೇನ್ ಇಡಬೇಡಿ.

ಲೋಡ್ ಸೆಲ್ ಒಳಗಿನ ಬ್ರಿಡ್ಜ್‌ನ (ರೆಸಿಸ್ಟರ್‌ಗಳ ಜೋಡಣೆ) ಸಿಗ್ನಲ್ ಸಪ್ಲೈನ ನಡುವೆಯೇ ಇರುವುದರಿಂದ ಲೋಡ್ ಸೆಲ್‌ಗೆ ಎಡಿ620 ಒಗ್ಗುತ್ತದೆ, ಅದೂ ±5 ವೋಲ್ಟ್ ಸಪ್ಲೈ ಇದ್ದರೆ ಆರಾಮ.

48 ವೋಲ್ಟ್ ಶಂಟ್‌ಗೆ ಅದು ಬೇಡವೇ ಬೇಡ. ಅಲ್ಲಿ ಐಎನ್‌ಎ240 ಸುಲಭ: -4ರಿಂದ 80 ವೋಲ್ಟ್ ಕಾಮನ್ ಮೋಡ್ ತಡೆದುಕೊಳ್ಳುತ್ತದೆ, ಸಪ್ಲೈ 5 ವೋಲ್ಟ್ ಸಾಕು. ಗೇನ್ ಮಾತ್ರ 20, 50, 100, 200 ಇವುಗಳಲ್ಲೇ ಆರಿಸಬೇಕು.

ಎಡಿ629 ±15 ವೋಲ್ಟ್ ಸಪ್ಲೈನಲ್ಲಿ ±270 ವೋಲ್ಟ್ ಕಾಮನ್ ಮೋಡ್ ತಡೆದುಕೊಳ್ಳುತ್ತದೆ. ಆದರೆ ಗೇನ್ 1 ಮಾತ್ರ, ನಾಯ್ಸ್ ಜಾಸ್ತಿ. ಬ್ಯಾಟರಿ ಸಾಲು 80 ವೋಲ್ಟ್ ದಾಟಿದರೆ ಇದನ್ನು ಯೋಚಿಸಿ. ಇದು ಐಸೋಲೇಶನ್ (ಎರಡು ಸರ್ಕ್ಯೂಟ್‌ಗಳನ್ನು ವಿದ್ಯುತ್ ದಾಟದಂತೆ ಬೇರ್ಪಡಿಸುವುದು) ಅಲ್ಲ, ಮೇನ್ಸ್‌ಗೆ ಸುಮ್ನೆ ಜೋಡಿಸಬೇಡಿ.