ಮೌಸ್ ಯಾರ ಕೈಯಲ್ಲಿತ್ತು? ನಮ್ಮ ಶಾಲೆಯಲ್ಲಿ ಬಳಸಿ ನೋಡಿದ ನಾಲ್ಕು ಸಾಧನಗಳ ಹೋಲಿಕೆ

ನಾನು ಗಣಿತ ಶಿಕ್ಷಕಿ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲು ಕಳೆದ ಮೂರು ವರ್ಷಗಳಲ್ಲಿ ನಾವು ನಾಲ್ಕು ಸಾಧನಗಳನ್ನು ಬಳಸಿ ನೋಡಿದ್ದೇವೆ: ಗೋಡೆಗೆ ತೂಗುಹಾಕಿದ ದೊಡ್ಡ ಸ್ಮಾರ್ಟ್ ಟಿವಿ, ಹತ್ತು ಟ್ಯಾಬ್ಲೆಟ್‌ಗಳು, ಕಚೇರಿಗಳು ಬಳಸಿ ಮಾರಿದ ಎಂಟು ಹಳೆಯ ಡೆಸ್ಕ್‌ಟಾಪ್‌ಗಳು ಮತ್ತು ಎರಡು ರಾಸ್ಪ್‌ಬೆರಿ ಪೈ 400 ಎಂಬ ಪುಟ್ಟ ಕಂಪ್ಯೂಟರ್‌ಗಳು. ಹಣ ಬಂದದ್ದು ದಾನಿಗಳಿಂದ, ಹಳೆಯ ವಿದ್ಯಾರ್ಥಿಗಳಿಂದ; ಸಾಲದೆ ಬಂದಾಗ ನಾವು ಶಿಕ್ಷಕರೂ ಕೈಯಿಂದ ಹಾಕಿದ್ದುಂಟು. ಸುತ್ತಲಿನ ಶಾಲೆಗಳವರು ಭೇಟಿಯಾದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ದಾನಿಗಳು ಬಂದರೆ ಏನು ಕೇಳೋಣ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೋಲಿಕೆಗೆ ನಾನು ಹಿಡಿದ ಅಳತೆಗೋಲು ಒಂದೇ. 40 ನಿಮಿಷದ ಪಿರಿಯಡ್‌ನಲ್ಲಿ ಒಂದು ಮಗುವಿನ ಸ್ವಂತ ಕೈ ಎಷ್ಟು ಹೊತ್ತು ಯಂತ್ರದ ಮೇಲಿತ್ತು? ವಿಜ್ಞಾನ ಶಿಕ್ಷಕರು ಪಾಠ ಮಾಡುವಾಗ ನಾನು, ನಾನು ಮಾಡುವಾಗ ಅವರು ಹಿಂದಿನ ಬೆಂಚಿನಲ್ಲಿ ಕುಳಿತು, ಪ್ರತಿ ಸಲ ನಾಲ್ಕು ಮಕ್ಕಳನ್ನು ಆರಿಸಿಕೊಂಡು, ಕೈಗಡಿಯಾರ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಅಮ್ಮ ರೊಟ್ಟಿ ತಟ್ಟುವುದನ್ನು ವರ್ಷಗಟ್ಟಲೆ ನೋಡಿದ ಮಾತ್ರಕ್ಕೆ ರೊಟ್ಟಿ ತಟ್ಟಲು ಬರುವುದಿಲ್ಲ. ಹಿಟ್ಟು ಕೈಗೆ ಅಂಟಬೇಕು.

ಆ ಲೆಕ್ಕದಲ್ಲಿ ಸ್ಮಾರ್ಟ್ ಟಿವಿಯ ಕಥೆ ಬೇಗ ಮುಗಿಯುತ್ತದೆ. ಮಕ್ಕಳ ಕೈಗೆ ಸಿಕ್ಕ ನಿಮಿಷಗಳು ಸೊನ್ನೆ. ಜೀವಕೋಶದ ಚಿತ್ರ ತೋರಿಸಲು, ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದಲ್ಲಿ ತ್ರಿಭುಜದ ಶೃಂಗವನ್ನು ಎಳೆದು ಕೋನಗಳು ಬದಲಾಗುವುದನ್ನು ತೋರಿಸಲು ಅದು ಬಹಳ ಒಳ್ಳೆಯದು. ನಾನೇ ವಾರಕ್ಕೆ ಎರಡು ಸಲ ಬಳಸುತ್ತೇನೆ. ಆದರೆ ಅದು ಪಾಠದ ಸಾಧನ. ಅದನ್ನು ಕೊಂಡು "ನಮ್ಮ ಮಕ್ಕಳಿಗೆ ಕಂಪ್ಯೂಟರ್ ಶಿಕ್ಷಣ ಸಿಗುತ್ತಿದೆ" ಎಂದು ಹೇಳಿಕೊಳ್ಳುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಟ್ಯಾಬ್ಲೆಟ್‌ಗಳ ಬಗ್ಗೆ ನನಗೆ ಮೊದಲು ತುಂಬ ಆಸೆಯಿತ್ತು. ಎಂಟನೇ ತರಗತಿಯ 32 ಮಕ್ಕಳಿಗೆ ಹತ್ತು ಟ್ಯಾಬ್ಲೆಟ್, ಅಂದರೆ ಮೂವರಿಗೆ ಒಂದು. ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಹೆಚ್ಚುಕಡಿಮೆ ಸಮನಾಗಿ ಹನ್ನೆರಡು ನಿಮಿಷ ಸಿಕ್ಕಿತು. ಇದು ಟ್ಯಾಬ್ಲೆಟ್‌ನ ದೊಡ್ಡ ಗುಣ: ಮಡಿಲಿನಿಂದ ಮಡಿಲಿಗೆ ಸಲೀಸಾಗಿ ಹೋಗುತ್ತದೆ, ಅದರ ಮುಂದೆ ಕುರ್ಚಿ ಹಿಡಿದು ಕುಳಿತುಬಿಡಲು ಯಾರಿಗೂ ಆಗುವುದಿಲ್ಲ. ನೋಟ್‌ಬುಕ್ ನೋಡಿ ಸಂತೋಷಪಟ್ಟೆ. ಆಮೇಲೆ ಆ ಹನ್ನೆರಡು ನಿಮಿಷದಲ್ಲಿ ಅವರು ಮಾಡಿದ್ದೇನು ಎಂದು ನೋಡಿದೆ. ಮುಟ್ಟುವುದು, ಸರಿಸುವುದು, ವಿಡಿಯೋ ನೋಡುವುದು, ಬಹು ಆಯ್ಕೆಯ ಪ್ರಶ್ನೆಗೆ ಬೆರಳು ಒತ್ತುವುದು. ಒಂದು ಪ್ಯಾರಾ ಬರೆಯಲು ಹೇಳಿದರೆ ಮೈಕಿನ ಗುರುತು ಒತ್ತಿ ಬಾಯಲ್ಲಿ ಹೇಳಿಬಿಡುತ್ತಿದ್ದರು. ಬರೆದದ್ದನ್ನು ಎಲ್ಲಿ ಉಳಿಸಿದ್ದೀರಿ ಎಂದು ಕೇಳಿದರೆ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಕಡತ ಎಂದರೇನು, ಅದು ಯಾವ ಫೋಲ್ಡರಿನಲ್ಲಿ ಕೂರುತ್ತದೆ, ಅದನ್ನು ಪೆನ್‌ಡ್ರೈವಿಗೆ ಹೇಗೆ ತೆಗೆದುಕೊಳ್ಳುವುದು ಎಂಬುದೆಲ್ಲ ಟ್ಯಾಬ್ಲೆಟ್‌ನಲ್ಲಿ ಪರದೆಯ ಹಿಂದೆ ಅಡಗಿರುತ್ತದೆ. ಮುಂದೆ ಗ್ರಾಮ ಪಂಚಾಯಿತಿ ಕಚೇರಿಯಲ್ಲೋ ಸಹಕಾರಿ ಸಂಘದಲ್ಲೋ ಕೆಲಸಕ್ಕೆ ಕುಳಿತಾಗ ಬೇಕಾಗುವುದು ಅದೇ.

ಇನ್ನೊಂದು ಕಷ್ಟ ಬೀರುವಿನದು. ಟ್ಯಾಬ್ಲೆಟ್ ಕಳುವಾದರೆ ಯಾರು ಹೊಣೆ ಎಂಬ ಭಯಕ್ಕೆ ಅವು ಬೀರುವಿನಲ್ಲೇ ಹೆಚ್ಚು ದಿನ ಕಳೆದವು. ತೆಗೆದಾಗ ಚಾರ್ಜ್ ಇರುತ್ತಿರಲಿಲ್ಲ. ಚಾರ್ಜ್ ಮಾಡಿದಾಗ ಪಿರಿಯಡ್ ಇರುತ್ತಿರಲಿಲ್ಲ. ಎರಡನೆಯ ಮಳೆಗಾಲದ ಹೊತ್ತಿಗೆ ಎರಡರ ಗಾಜು ಒಡೆದಿತ್ತು, ಮೂರರ ಚಾರ್ಜಿಂಗ್ ತೂತು ಸಡಿಲವಾಗಿತ್ತು. ಪೇಟೆಯ ಅಂಗಡಿಯಲ್ಲಿ ದುರಸ್ತಿಗೆ ಹೇಳಿದ ಮೊತ್ತ ಟ್ಯಾಬ್ಲೆಟ್ ಬೆಲೆಯ ಅರ್ಧದಷ್ಟಿತ್ತು.

ಹಳೆಯ ಡೆಸ್ಕ್‌ಟಾಪ್‌ಗಳನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಆರಿಸಿ ಕಳುಹಿಸಿದ. ಮಾನಿಟರ್, ಕೀಲಿಮಣೆ, ಮೌಸ್ ಸೇರಿ ಒಂದಕ್ಕೆ 7,000 ರೂಪಾಯಿ ಬಿತ್ತು. 4 ಜಿಬಿ ರ‍್ಯಾಮ್‌ನ ಈ ಯಂತ್ರಗಳಿಗೆ ವಿಂಡೋಸ್ ಬದಲು ಲುಬುಂಟು ಹಾಕಿದೆವು; ಇದು ಉಬುಂಟು ಎಂಬ ಮುಕ್ತ ಲಿನಕ್ಸ್ ವ್ಯವಸ್ಥೆಯ ಹಗುರವಾದ ರೂಪ. ಲಿಬ್ರೆ ಆಫೀಸ್, ಜಿಯೋಜೀಬ್ರಾ, ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯಲು ಕಲಿಸುವ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನ್ಯಾಪ್ ಎಲ್ಲವೂ ಓಡಿದವು. ಸ್ನ್ಯಾಪ್‌ನ ಆದೇಶಗಳನ್ನು ಕನ್ನಡದಲ್ಲೇ ನೋಡಬಹುದು. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಕೆಲವು ಪೋಷಕರು "ಇದು ಹೊರಗೆ ಬಳಸುವ ಕಂಪ್ಯೂಟರ್ ಅಲ್ಲವಂತೆ" ಎಂದು ಆತಂಕ ಹೇಳಿಕೊಂಡರು. ಕೇರಳದ ಸರ್ಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಇದೇ ಬಗೆಯ ಮುಕ್ತ ತಂತ್ರಾಂಶದಲ್ಲಿ ಪಾಠ ನಡೆಸುತ್ತಿವೆ, ನಮ್ಮ ರಾಜ್ಯದಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳು ಉಬುಂಟುವಿನಲ್ಲೇ ನಡೆದವು ಎಂದು ತಿಳಿಸಿದ ಮೇಲೆ ಸಮಾಧಾನವಾಯಿತು.

ಕನ್ನಡದಲ್ಲಿ ಬೆರಳಚ್ಚು ಕಲಿಸಿದ ದಿನವನ್ನು ನಾನು ಮರೆಯುವುದಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ, ನುಡಿ ತಂತ್ರಾಂಶದಲ್ಲಿ ಇರುವಂಥದ್ದು, ಲಿನಕ್ಸ್‌ನಲ್ಲೂ ಸಿಗುತ್ತದೆ. ಅದರಲ್ಲಿ ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ ಒತ್ತಬೇಕು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಎ ಒತ್ತಿದಳು, ಅ ಬಂತು. ಕೆ ಒತ್ತಿದಳು, ಕ ಬಂತು. ಎಫ್ ಒತ್ತಿದಾಗ ಕ ಎಂಬುದು ಕ್ ಆಗಿ ನಿಂತಿತು. ಅವಳು ಕೈ ತೆಗೆದು ನನ್ನ ಮುಖ ನೋಡಿದಳು, ಏನೋ ಕೆಡಿಸಿಬಿಟ್ಟೆ ಎನ್ನುವಂತೆ. "ಇನ್ನೊಂದು ಸಲ ಕೆ ಒತ್ತಮ್ಮ" ಎಂದೆ. ಪರದೆಯ ಮೇಲೆ "ಅಕ್ಕ" ಮೂಡಿತು. "ಮೇಡಂ, ಒತ್ತು ತಾನಾಗಿಯೇ ಕೆಳಗೆ ಹೋಯಿತು!" ಎಂದು ಅವಳು ಕೂಗಿದ್ದು ಪಕ್ಕದ ಕೊಠಡಿಗೂ ಕೇಳಿಸಿತು. ಆ ಪಿರಿಯಡ್ ಮುಗಿಯುವುದರೊಳಗೆ ಅಜ್ಜಿ, ಪುಸ್ತಕ, ಲಕ್ಷ್ಮಿ ಎಲ್ಲವನ್ನೂ ಬರೆದು ಮುಗಿಸಿದಳು. ಪದಗಳು ಹೇಗೆ ಕಟ್ಟಿಕೊಂಡಿವೆ ಎಂಬುದು ಬೆರಳಿಗೆ ತಿಳಿಯುವ ಆ ಗಳಿಗೆ ಮೈಕಿಗೆ ಹೇಳಿ ಬರೆಸಿದಾಗ ಬರುವುದಿಲ್ಲ.

ಹಳೆಯ ಯಂತ್ರ ಕೆಡುತ್ತದೆ, ನಿಜ. ಆದರೆ ಅದು ಕೆಡುವ ರೀತಿಯಲ್ಲೂ ಪಾಠವಿದೆ. ಜುಲೈ ತಿಂಗಳ ತೇವಕ್ಕೆ ಮೂರು ಯಂತ್ರಗಳು ಬೀಪ್ ಬೀಪ್ ಎಂದು ಕೂಗಿ ಪರದೆ ಕಪ್ಪಾಗಿಸಿಕೊಂಡು ನಿಂತವು. ಪ್ಲಗ್ ಕಿತ್ತು, ಮುಚ್ಚಳ ತೆಗೆದು, ರ‍್ಯಾಮ್ ಪಟ್ಟಿಯನ್ನು ಹೊರಗೆಳೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಮೊದಲ ಸಲ ನಾನು ಮಾಡಿ ತೋರಿಸಿದೆ. ಎರಡನೆಯ ಸಲ ಮಕ್ಕಳು ಮಾಡಿದರು. ಮೂರನೆಯ ಸಲ ನನಗೆ ಹೇಳುವ ಮೊದಲೇ ಕೆಲಸ ಮುಗಿದಿತ್ತು. ಇನ್ನೊಂದರಲ್ಲಿ ಯಾವ ಜಾಲತಾಣವೂ ತೆರೆಯುತ್ತಿರಲಿಲ್ಲ. ನೋಡಿದರೆ ದಿನಾಂಕ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿತ್ತು. ನಲವತ್ತು ರೂಪಾಯಿಯ ಹೊಸ ಸೆಲ್ ಹಾಕಿದೆವು. ಗಡಿಯಾರ ತಪ್ಪಿದರೆ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಏಕೆ ನಂಬುವುದಿಲ್ಲ ಎಂದು ವಿವರಿಸಲು ನನಗೆ ಪೂರ್ತಿ ಪಿರಿಯಡ್ ಬೇಕಾಯಿತು. ಮಕ್ಕಳು ಅಷ್ಟು ಗಮನವಿಟ್ಟು ಕೇಳಿದ ಇನ್ನೊಂದು ಪಾಠ ನನಗೆ ನೆನಪಿಲ್ಲ.

ಡೆಸ್ಕ್‌ಟಾಪ್‌ನಲ್ಲಿ ನನ್ನ ನೋಟ್‌ಬುಕ್ ಬೇರೆಯೇ ಒಂದು ಸಂಗತಿಯನ್ನು ಹೇಳಿತು, ಮತ್ತು ಅದು ನನ್ನ ನಿದ್ದೆಗೆಡಿಸಿತು. ಮೊದಲ ತಿಂಗಳು ನಾಲ್ವರಿಗೆ ಒಂದು ಯಂತ್ರ ಎಂದು ಕೂರಿಸಿದ್ದೆವು. ಒಂದು ಗುಂಪಿನಲ್ಲಿ ಒಬ್ಬ ಹುಡುಗ 21 ನಿಮಿಷ ಮೌಸ್ ಹಿಡಿದಿದ್ದ. ಅದೇ ಗುಂಪಿನ ಇಬ್ಬರು ಹುಡುಗಿಯರಿಗೆ ಸಿಕ್ಕಿದ್ದು ನಾಲ್ಕು ಮತ್ತು ಮೂರು ನಿಮಿಷ. ಅವನು ಕೆಟ್ಟ ಹುಡುಗನಲ್ಲ. ಮನೆಯಲ್ಲಿ ಮೊಬೈಲ್ ಹಿಡಿದು ಅಭ್ಯಾಸವಿತ್ತು, ಬೇಗ ಬರುತ್ತಿತ್ತು, ಹಾಗಾಗಿ ಉಳಿದವರೇ ಅವನಿಗೆ ಬಿಟ್ಟುಕೊಡುತ್ತಿದ್ದರು. ಬಂದವನಿಗೇ ಇನ್ನಷ್ಟು ಬಂತು, ಬಾರದವಳು ನೋಡುತ್ತ ಉಳಿದಳು.

ಆಮೇಲೆ ಕ್ರಮ ಬದಲಿಸಿದೆವು. ಅರ್ಧ ತರಗತಿ ಗ್ರಂಥಾಲಯಕ್ಕೆ, ಅರ್ಧ ತರಗತಿ ಕಂಪ್ಯೂಟರ್ ಕೊಠಡಿಗೆ, ಯಂತ್ರಕ್ಕೆ ಇಬ್ಬರು. ಐದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿದ ಕೂಡಲೇ ಕುರ್ಚಿ ಬದಲಾಗಬೇಕು. ಪಕ್ಕದಲ್ಲಿ ಕುಳಿತವರು ಬಾಯಲ್ಲಿ ಹೇಳಿಕೊಡಬಹುದು, ಕೈ ಚಾಚುವಂತಿಲ್ಲ. ಪ್ರತಿಯೊಬ್ಬರಿಗೂ 18 ನಿಮಿಷದ ಆಸುಪಾಸು ಸಿಕ್ಕತೊಡಗಿತು. ಟ್ಯಾಬ್ಲೆಟ್‌ಗಿಂತಲೂ ಹೆಚ್ಚು, ಮತ್ತು ಬರೆಯುವ, ಕಟ್ಟುವ, ಉಳಿಸುವ ಕೆಲಸದಲ್ಲಿ. ಇದಕ್ಕೆ ಖರ್ಚಾದದ್ದು ಒಂದು ಹಿತ್ತಾಳೆ ಗಂಟೆ.

ರಾಸ್ಪ್‌ಬೆರಿ ಪೈ 400 ನೋಡಲು ಬರಿಯ ಕೀಲಿಮಣೆ. ಕಂಪ್ಯೂಟರ್ ಅದರೊಳಗೇ ಇದೆ. 2020ರಲ್ಲಿ ಬಂದ ಇದರಲ್ಲೂ 4 ಜಿಬಿ ರ‍್ಯಾಮ್ ಇದೆ. ಹದಿನೈದು ವ್ಯಾಟ್‌ನ ಚಾರ್ಜರ್ ಸಾಕು. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟು ಹೋದರೆ ಎರಡು ದಿನ ಬಾರದಿರುವುದುಂಟು. ಎಂಟು ಡೆಸ್ಕ್‌ಟಾಪ್‌ಗಳ ಹೊರೆಯನ್ನು ಶಾಲೆಯ ಚಿಕ್ಕ ಇನ್ವರ್ಟರ್ ತಡೆಯುವುದಿಲ್ಲ; ಎರಡು ಪೈ, ಎರಡು ಎಲ್‌ಇಡಿ ಮಾನಿಟರ್ ಅದರಲ್ಲಿ ಇಡೀ ಬೆಳಗು ನಡೆಯುತ್ತವೆ. ಸದ್ದಿಲ್ಲ, ಧೂಳು ಹೀರುವ ಫ್ಯಾನ್ ಇಲ್ಲ. ಇಷ್ಟೆಲ್ಲ ಇದ್ದೂ ಇದನ್ನೇ ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಇದರ ಎಲ್ಲ ನೆನಪು ಬೆರಳುಗುರಿನಷ್ಟು ಚಿಕ್ಕ ಮೈಕ್ರೋಎಸ್‌ಡಿ ಕಾರ್ಡಿನಲ್ಲಿರುತ್ತದೆ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡಬಹುದು. ಒಂದೇ ಮಳೆಗಾಲದಲ್ಲಿ ನಮಗೆ ಮೂರು ಸಲ ಕೆಟ್ಟಿತು, ಮಕ್ಕಳ ಕೆಲಸವೂ ಹೋಯಿತು. ಕಾರ್ಡನ್ನು ಓದಲು ಮಾತ್ರ ಎಂದು ಬೀಗ ಹಾಕುವ ವ್ಯವಸ್ಥೆ ಅದರ ಸೆಟ್ಟಿಂಗ್‌ನಲ್ಲೇ ಇದೆ. ಹಾಗೆ ಮಾಡಿ, ಮಕ್ಕಳ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಇಡಲು ಹೇಳಿದ ಮೇಲೆ ತೊಂದರೆ ನಿಂತಿತು. ಆಫ್ ಮಾಡಿದಾಗಲೂ ಸೆಲ್‌ನಿಂದ ನಡೆಯುವ ಗಡಿಯಾರವೂ ಇದರಲ್ಲಿಲ್ಲ, ಇಂಟರ್‌ನೆಟ್ ಇಲ್ಲದ ದಿನ ತಾರೀಕು ತಪ್ಪುತ್ತದೆ. ಹಳೆಯ ವಿಜಿಎ ಮಾನಿಟರಿಗೆ ಜೋಡಿಸಲು ಬೇರೆ ಪರಿವರ್ತಕ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಳಗಿನ ಭಾಗ ಕೆಟ್ಟರೆ ರಬ್ಬರು ಹಿಡಿದು ಮಕ್ಕಳು ಮಾಡುವಂಥದ್ದು ಏನೂ ಇಲ್ಲ. ಒಂದು ಪೈಗೆ, ಮಾನಿಟರ್ ಬಿಟ್ಟು, ಕೊಡುವ ಹಣಕ್ಕೆ ಮಾನಿಟರ್ ಸಮೇತ ಒಂದು ಹಳೆಯ ಡೆಸ್ಕ್‌ಟಾಪ್ ಬರುತ್ತದೆ.

ಈಗ ಒಂದು ಪೈಯನ್ನು ನಾವು ಬೇರೆ ಕೆಲಸಕ್ಕೆ ಇಟ್ಟಿದ್ದೇವೆ. ಕಿವಿಕ್ಸ್ ಎಂಬ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಪೂರ್ತಿಯಾಗಿ ಇಳಿಸಿ ಅದರಲ್ಲಿಟ್ಟು, ವೈಫೈ ಹಾಕಿದ್ದೇವೆ. ಉಳಿದ ಟ್ಯಾಬ್ಲೆಟ್‌ಗಳು ಅದಕ್ಕೆ ಸೇರಿಕೊಳ್ಳುತ್ತವೆ. ಗ್ರಂಥಾಲಯಕ್ಕೆ ಹೋದ ಅರ್ಧ ತರಗತಿ ಅಲ್ಲಿ ಓದುತ್ತದೆ, ಇಂಟರ್‌ನೆಟ್ ಇಲ್ಲದೆ. ಟ್ಯಾಬ್ಲೆಟ್‌ಗೆ ನಮ್ಮ ಶಾಲೆಯಲ್ಲಿ ಸಿಕ್ಕ ಸರಿಯಾದ ಜಾಗ ಇದೇ.

ಪ್ರತಿ ಸಭೆಯಲ್ಲೂ ಒಬ್ಬರಾದರೂ ಹೇಳುತ್ತಾರೆ: ಈಗ ಎಲ್ಲರ ಮನೆಯಲ್ಲೂ ಸ್ಮಾರ್ಟ್‌ಫೋನ್ ಇದೆ, ಶಾಲೆಗೆ ಇದೆಲ್ಲ ಏಕೆ? ಮನೆಯಲ್ಲಿ ಇರುವುದಕ್ಕೂ ಮಗುವಿನ ಕೈಗೆ ಬರುವುದಕ್ಕೂ ಬಹಳ ಅಂತರವಿದೆ. ಗ್ರಾಮೀಣ ಶಿಕ್ಷಣದ ಸಮೀಕ್ಷೆಯಾದ 2023ರ ಅಸರ್ ವರದಿ 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರನ್ನು ಕೇಳಿತ್ತು. ಸುಮಾರು ಶೇಕಡ 90 ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಫೋನ್ ಬಳಸಲು ಬಲ್ಲವರಲ್ಲಿ ತಮ್ಮದೇ ಫೋನ್ ಇದ್ದ ಹುಡುಗರು ಶೇಕಡ 43.7, ಹುಡುಗಿಯರು ಶೇಕಡ 19.8. ನಮ್ಮ ಒಂಬತ್ತನೇ ತರಗತಿಯ ಹೆಣ್ಣುಮಕ್ಕಳನ್ನು ಕೇಳಿದಾಗ ಬಂದ ಉತ್ತರವೂ ಇದಕ್ಕೆ ಹೊಂದುತ್ತದೆ: ಅಪ್ಪ ಮನೆಗೆ ಬಂದು, ಊಟವಾಗಿ, ಪಾತ್ರೆ ತೊಳೆದ ಮೇಲೆ, ಅಣ್ಣ ಬಿಟ್ಟುಕೊಟ್ಟರೆ. 2020ರಲ್ಲಿ ಶಾಲೆ ಮುಚ್ಚಿದಾಗ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಕ್ಕಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು.

ಸಮಾನ ಅವಕಾಶ ಎಂಬುದು ಯಂತ್ರದ ಜೊತೆಗೆ ವೇಳಾಪಟ್ಟಿಯಲ್ಲೂ ಇದೆ ಎಂದು ನನಗೆ ತಡವಾಗಿ ಹೊಳೆಯಿತು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೊಠಡಿ ತೆರೆದಿಟ್ಟೆವು. ಬಂದವರೆಲ್ಲ ಊರಿನ ಹುಡುಗರೇ. ದೂರದ ಹಳ್ಳಿಯ ಹುಡುಗಿಯರು ಸಂಜೆಯ ಬಸ್ ತಪ್ಪಿಸಿಕೊಂಡರೆ ಕಾಡುದಾರಿಯಲ್ಲಿ ನಡೆಯಬೇಕು, ಯಾವ ತಾಯಿ ಒಪ್ಪುತ್ತಾಳೆ? ಬಿಸಿಯೂಟ ಮುಗಿದ ಮೇಲಿನ ಅರ್ಧ ಗಂಟೆಗೆ ಬದಲಿಸಿದ ವಾರವೇ ಕೊಠಡಿ ತುಂಬಿತು. ಸೋಮವಾರ, ಬುಧವಾರ, ಶುಕ್ರವಾರ ಹುಡುಗಿಯರಿಗೆ, ಉಳಿದ ದಿನ ಹುಡುಗರಿಗೆ. ರಜೆಯ ದಿನಗಳಿಗೆ ನಮ್ಮ ಪಂಚಾಯಿತಿಯ ಗ್ರಂಥಾಲಯ ಇದೆ. 2020ರಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳು ಅಲ್ಲಿ ಉಚಿತವಾಗಿ ಸದಸ್ಯರಾಗಿದ್ದಾರೆ, ಈಗ ಅಲ್ಲಿ ಎರಡು ಕಂಪ್ಯೂಟರ್‌ಗಳೂ ಇವೆ.

ಹಾಗಾದರೆ ಏನು ಕೇಳಬೇಕು? ಮೊದಲು ಹಳೆಯ ಡೆಸ್ಕ್‌ಟಾಪ್, ಇಬ್ಬರಿಗೆ ಒಂದರಂತೆ ಅರ್ಧ ತರಗತಿಗೆ ಸಾಕಾಗುವಷ್ಟು. ಹಣ ಉಳಿದರೆ ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ವೇಗವಾಗಿ ಓದುವ ಎಸ್‌ಎಸ್‌ಡಿ ಹಾಕಿಸಿ. ನಾವು ನಾಲ್ಕಕ್ಕೆ ಹಾಕಿಸಿದೆವು, ಯಂತ್ರ ಎದ್ದು ನಿಲ್ಲುವುದನ್ನು ಕಾಯುತ್ತ ಪಿರಿಯಡ್ ಕರಗುವುದು ತಪ್ಪಿತು. ಕರೆಂಟಿನ ತೊಂದರೆ ಇರುವ ಕಡೆ ಒಂದೆರಡು ಪೈ. ಟ್ಯಾಬ್ಲೆಟ್ ಇದ್ದರೆ ಓದಲು ಬಳಸಿ, ಇಲ್ಲದಿದ್ದರೆ ಕೊಳ್ಳಬೇಡಿ. ಟಿವಿಯನ್ನು ಪಾಠದ ಲೆಕ್ಕಕ್ಕೆ ಹಾಕಿ.

ಹಳೆಯ ಯಂತ್ರ ಕೊಡಬಯಸುವವರಲ್ಲಿ ಒಂದು ವಿನಂತಿ ಇದೆ. ಜೊತೆಗೆ ಮೌಸ್‌ಗಳನ್ನು ಎರಡರಷ್ಟು ಕಳುಹಿಸಿ. ಎಂಟು ಯಂತ್ರಗಳಲ್ಲಿ ಮೊದಲು ಸವೆದದ್ದು ಅವೇ. ಈ ಜನವರಿಯಲ್ಲಿ ಹನ್ನೊಂದನೆಯ ಮೌಸ್ ಬದಲಿಸಿದೆವು. ಬದಲಿಸಿದವಳು ಎಫ್ ಒತ್ತಿ ಕೈ ತೆಗೆದಿದ್ದ ಅದೇ ಹುಡುಗಿ, ಈಗ ಹತ್ತನೇ ತರಗತಿಯಲ್ಲಿದ್ದಾಳೆ.