ಪದ್ಮಿನಿಯ ತಳಕ್ಕೆ ರಸ್ಟ್ ಕನ್ವರ್ಟರ್: ಎಲ್ಲಿ ಸಾಕು, ಎಲ್ಲಿ ಸಾಲದು

ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ 1089 ಸಿಸಿ ಎಂಜಿನ್ ಹೇಗೋ ದಾರಿಗೆ ಬರುತ್ತದೆ. ಜೇಬು ಖಾಲಿ ಮಾಡುವುದು ತುಕ್ಕು. ಟ್ಯಾನಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಕಪ್ಪು ಪದರವಾಗಿಸುವ ದ್ರಾವಣ) ಕೊಟ್ಟ ಕಾಸಿಗೆ ಮೋಸವಿಲ್ಲ, ಆದರೆ ಮೇಲ್ಮೈ ತುಕ್ಕಿಗೆ ಮಾತ್ರ. ಮೊದಲು ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ತಗಡು ಕುಟ್ಟಿ ನೋಡಿ. ತೂತು ಬಿತ್ತೋ, ಬಾಟಲಿ ಪಕ್ಕಕ್ಕಿಡಿ; ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಲೇಬೇಕು. ವೆಲ್ಡಿಂಗ್ ಬದಲು ಫೈಬರ್ ತೇಪೆ ಹಾಕಿದರೆ ಅದರ ಅಡಿಯಲ್ಲಿ ತುಕ್ಕು ತಣ್ಣಗೆ ತಿನ್ನುತ್ತಲೇ ಇರುತ್ತದೆ.

ತಗಡು ಗಟ್ಟಿಯಿದ್ದರೆ ಪದರೆದ್ದ ತುಕ್ಕನ್ನು ವೈರ್ ಬ್ರಷ್‌ನಿಂದ ಉದುರಿಸಿ, ಥಿನ್ನರ್ ಬಟ್ಟೆಯಲ್ಲಿ ಗ್ರೀಸ್ ಒರೆಸಿ, ನೆರಳಲ್ಲಿ ತೆಳುವಾಗಿ 2 ಕೋಟ್ ಹಚ್ಚಿ. ಬೇಕಾದಷ್ಟನ್ನೇ ಬೇರೆ ಡಬ್ಬಿಗೆ ಸುರಿದುಕೊಳ್ಳಿ. ಬ್ರಷ್ ಅದ್ದಿದ ದ್ರಾವಣ ಬಾಟಲಿಗೆ ವಾಪಸು ಹೋದರೆ ಉಳಿದದ್ದೂ ಕೆಡುತ್ತದೆ. ಕಪ್ಪಾಯಿತೆಂದು ಅಲ್ಲಿಗೇ ಬಿಡಬೇಡಿ. 24 ಗಂಟೆ ಒಣಗಿಸಿ ಎಪಾಕ್ಸಿ ಪ್ರೈಮರ್ (ತೇವ ತಡೆಯುವ ಅಡಿಬಣ್ಣ) ಹೊಡೆಯದಿದ್ದರೆ ತೇವ ಒಳಹೊಕ್ಕು ತುಕ್ಕು ಮರಳುತ್ತದೆ. ಉಜ್ಜಿ ಹೊಳೆಯುವ ತಗಡಿಗಂತೂ ಕನ್ವರ್ಟರ್ ದಂಡ, ನೇರವಾಗಿ ಪ್ರೈಮರ್ ಹೊಡೆಯಿರಿ.

ಮುಂದಿನ ಗಾಜಿನ ರಬ್ಬರ್ ಬಿರುಕುಬಿಟ್ಟಿದ್ದರೆ ಅದನ್ನು ಮೊದಲು ಬದಲಿಸಿ. ಮ್ಯಾಟ್ ಕೆಳಗೆ ನೀರು ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ. ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು. ಹಳೆಯ ರಬ್ಬರಿನ ತುಂಡೊಂದನ್ನು ಅಳತೆಗೆ ಒಯ್ಯಿರಿ.